ಹಳೆಯ ಗಾಡಿಗೆ ಆರತಿ

ನನಗೆ ಸ್ಕೂಟರು ಬೇಕಾಗಿರಲಿಲ್ಲ. ಹೊಸದೂ ಬೇಕಾಗಿರಲಿಲ್ಲ, ಹಳೆಯದೂ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ದಾಂಡೇಲಿಯ ಬಂಗೂರನಗರದಲ್ಲಿ ಕಾರ್ಖಾನೆಯವರು ನನ್ನ ಗಂಡನಿಗೆ ಕೊಡುತ್ತೇವೆಂದಿದ್ದ ಎರಡು ಖೋಲಿಯ ಕ್ವಾರ್ಟರ್ಸು. ಅಲ್ಲಿ ಅತ್ತೆ ಇರುವುದಿಲ್ಲ. ಇಷ್ಟೇ ನನ್ನ ಆಸೆ. ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಅದಕ್ಕೇ ಆ ವರ್ಷ ಹಳಿಯಾಳದ ನಮ್ಮ ಮನೆಯಲ್ಲಿ ಸ್ಕೂಟರಿನ ನೆಪದಲ್ಲಿ ಯುದ್ಧ ನಡೆಯಿತು.

ಗೋವಾ ನಮ್ಮ ದೇಶಕ್ಕೆ ಸೇರಿ ಎರಡು ವರ್ಷವಾಗಿದ್ದಿರಬೇಕು. ನನ್ನ ಗಂಡ ಕಾಗದದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಯಂತ್ರದ ಮೇಲೆ ಕೆಲಸಕ್ಕಿದ್ದ. ಎದುರಿಗೆ 'ರೀ' ಎನ್ನುತ್ತಿದ್ದೆ. ಇಲ್ಲಿ ಹೇಳುವಾಗ ಅಷ್ಟು ಮರ್ಯಾದೆ ಬೇಕಾಗಿಲ್ಲ. ಬೆಳಗಿನ ಪಾಳಿಯ ಭೋಂಗಾ ಕೂಗುವ ಹೊತ್ತಿಗೆ ಗೇಟಿನೊಳಗೆ ಇರಬೇಕೆಂದರೆ ಹಳಿಯಾಳದಿಂದ ಬಸ್ಸೇ ಇರಲಿಲ್ಲ. ಬಿದಿರು ಹೇರಿದ ಲಾರಿಗಳಿಗೆ ಕೈ ಮಾಡಿ, ಡ್ರೈವರನಿಗೆ ಬೀಡಿ ಕೊಟ್ಟು, ಮೇಲೆ ಹತ್ತಿ ಹೋಗುತ್ತಿದ್ದ. ಲಾರಿ ಸಿಗದ ದಿನ ತಡ. ತಡವಾದ ದಿನ ಬೈಗುಳ. ಕೊನೆಗೆ ಅವನ ಮೇಲಿನವರು, "ಈ ತಿಂಗಳ ಒಳಗ ಕ್ವಾರ್ಟರ್ಸಿಗೆ ಬಾ, ಇಲ್ಲಾ ಅದು ಮುಂದಿನಾವಗ ಹೋಗತೈತಿ. ಬರೂದಿಲ್ಲಂದ್ರ ಹೊತ್ತಿಗೆ ಸರಿಯಾಗಿ ಬರೂ ದಾರಿ ನೀನ ನೋಡ್ಕೋ" ಎಂದರು.

ನನ್ನ ಗಂಡ ಈ ಮಾತನ್ನು ನನಗೆ ಹೇಳಿದ ಹಾಗೆಯೇ ತಾಯಿಗೂ ಹೇಳಿದ. ಅಲ್ಲಿಗೆ ಕೆಟ್ಟಿತು.

ಅತ್ತೆಯ ಹೆಸರು ಕಾಶೆವ್ವ. ಗಂಡ ತೀರಿದ ಮೇಲೆ ಎತ್ತು ಮಾರಿ, ಆ ರೊಕ್ಕ ಮುಟ್ಟದೆ ಇಟ್ಟು, ಹೊಲವನ್ನು ಪಾಲಿಗೆ ಕೊಟ್ಟು, ಯಾರ ಮುಂದೂ ಕೈಯೊಡ್ಡದೆ ಮಗನನ್ನು ಸಾಕಿದವಳು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಕಿದ ಮಗನನ್ನು ಬಿಟ್ಟುಕೊಡುವ ಬುದ್ಧಿ ದೇವರು ಅವಳಿಗೆ ಕೊಟ್ಟಿರಲಿಲ್ಲ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದರೆ ಅವಳು ಪಡಸಾಲೆಯಲ್ಲಿ ಕೂತು, ಸಪ್ಪಳದ ಮೇಲೆಯೇ, "ಒಂದು ರೊಟ್ಟಿ ಹೆಚ್ಚಾತಲ್ಲ, ಯಾರಿಗೆ ಅದು?" ಎಂದು ಕೂಗುತ್ತಿದ್ದಳು. ನನ್ನ ತಲೆಗೆ ಎಣ್ಣೆಯನ್ನು ಬಾಟಲಿಯ ಬಿರಡೆಯಲ್ಲಿ ಅಳೆದು ಕೊಡುತ್ತಿದ್ದಳು. ಓಣಿಯ ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದರೆ ನನ್ನನ್ನು ಹಿತ್ತಲಿಗೆ ಸೆಗಣಿ ಬಳಿಯಲು ಕಳಿಸುತ್ತಿದ್ದಳು, ಯಾಕೆಂದರೆ ನಾನು ಉಡಿಕಿಯವಳು.

ಉಡಿಕಿ ಎಂದರೆ ಗಂಡ ಸತ್ತ ಹೆಣ್ಣಿಗೆ ಇನ್ನೊಬ್ಬ ಸೀರೆ ಉಡಿಸಿ ಕರೆದುಕೊಂಡು ಹೋಗುವುದು. ಹಂದರವಿಲ್ಲ, ವಾಲಗವಿಲ್ಲ, ಅಕ್ಷತೆ ಹಾಕಲು ಮುತ್ತೈದೆಯರು ಬರುವುದಿಲ್ಲ. ನನ್ನ ಮೊದಲ ಗಂಡ ಮುಂಡಗೋಡದ ಕಡೆಯವನು, ಜ್ವರ ಬಂದು ಸತ್ತ. ನನ್ನ ಈಗಿನ ಗಂಡ ಉಳವಪ್ಪನ ಮೊದಲ ಹೆಂಡತಿಯೂ ಸತ್ತಿದ್ದಳು. ಇಬ್ಬರದೂ ಎರಡನೆಯದೇ. ಆದರೆ ಗಂಡಸಿನದನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಅವನು ಮಿಂದು ಬಂದರೆ ಹೊಸಬ. ನಾನು ಮಾತ್ರ ಆರತಿ ತಟ್ಟೆ ಮುಟ್ಟುವಂತಿರಲಿಲ್ಲ.

ಕ್ವಾರ್ಟರ್ಸಿನ ಸುದ್ದಿ ಕೇಳಿ ಕಾಶೆವ್ವ ಹೇಳಿದ್ದು ಒಂದೇ ಮಾತು: "ಮಗನ್ನ ಕಾರ್ಖಾನಿಗೆ ಕೊಟ್ಟೇನಿ. ಮನೀನೂ ಕಿತ್ತು ಕೊಡಬೇಕೇನು? ಗಾಡಿ ತಗೋ. ಎತ್ತಿನ ರೊಕ್ಕ ಐತಿ."

ಮೂರನೆಯ ದಿನವೇ ಮನ್ಸೂರ ಸ್ಕೂಟರು ತಂದು ನಮ್ಮ ಕಟ್ಟೆಯ ಮುಂದೆ ನಿಲ್ಲಿಸಿದ. ದಾಂಡೇಲಿ ಬಸ್ ಸ್ಟ್ಯಾಂಡಿನ ಹಿಂದೆ ಅವನ ಗ್ಯಾರೇಜು. ಗೋವಾದ ಯಾವನೋ ಗುತ್ತಿಗೆದಾರ ಊರು ಬಿಡುವಾಗ ಮಾರಿದ ಗಾಡಿಯನ್ನು ಜೋಯಿಡಾದಲ್ಲಿ ಹಿಡಿದು ತಂದಿದ್ದ. ಪಾಚಿ ಬಣ್ಣದ, ಹಿಂಭಾಗ ದಪ್ಪನೆಯ ಗಾಡಿ. ಓಣಿಯೇ ಬಂದು ಸುತ್ತ ನಿಂತಿತು. ಕಾಶೆವ್ವ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದು, ಸಂತೆಯಲ್ಲಿ ಎತ್ತು ನೋಡುವ ಹಾಗೆ ಒಂದು ಸುತ್ತು ಹಾಕಿದಳು. ಬೆನ್ನು ಸವರಿದಳು. ಕುಕ್ಕರಗಾಲಲ್ಲಿ ಕೂತು ಹೊಟ್ಟೆ ನೋಡಿದಳು.

"ಎಷ್ಟ ಹಲ್ಲಿಂದೋ ಇದು?"

"ಆರು ವರ್ಷದ್ದು ಯವ್ವಾ," ಎಂದ ಮನ್ಸೂರ. "ಇಟಲಿ ಮಾಲು. ಇನ್ನೂ ಇಪ್ಪತ್ತು ವರ್ಷ ಹೂಡಬಹುದು. ಅಲ್ಲಾನ ಆಣಿ."

"ಒದೆಯೂದಿಲ್ಲಲ್ಲ?"

"ನಾವ ಇದಕ್ಕ ಒದೀಬೇಕು. ಒದ್ದರನ ನಡೀತೈತಿ."

"ಹಂಗಾರ ಒಳ್ಳೇ ಜಾತಿ," ಎಂದಳು ಕಾಶೆವ್ವ, ನನ್ನ ಕಡೆ ನೋಡಿ. ಹಿಂದಿನ ತಗಡಿನಲ್ಲಿ ಒಂದು ತಗ್ಗು ಕಂಡಿತು. ಅದರ ಮೇಲೆ ಬೆರಳಿಟ್ಟಳು. "ಇದೇನು?"

"ಘಟ್ಟದಾಗ ಒಂದು ಎಮ್ಮಿ ಅಡ್ಡ ಬಂದಿತ್ತಂತ."

"ಎಮ್ಮಿಗೇನಾತು?"

"ಎಮ್ಮಿಗೇನೂ ಆಗಿಲ್ಲಂತ."

ಮಂದಿ ನಕ್ಕರು. ನನ್ನ ಗಂಡನೂ ನಕ್ಕ. ಅವನ ಕಣ್ಣು ಆಗಲೇ ಹ್ಯಾಂಡಲ್ಲಿನ ಮೇಲೆ ಬಿದ್ದಿತ್ತು. ಮನ್ಸೂರ ಅವನನ್ನು ಹಿಂದೆ ಕೂಡಿಸಿಕೊಂಡು ಕೋಟೆಯ ಕಡೆಗೆ ಹೋಗಿ ಬಂದ. ಇಳಿದವನ ಮುಖ ನೋಡಿ ಅವನು ಮನಸೋತದ್ದು ನನಗೆ ತಿಳಿಯಿತು. ಈ ಗಾಡಿ ಬಂತೆಂದರೆ ನಾನು ಸಾಯುವ ತನಕ ಹಳಿಯಾಳದಲ್ಲೇ, ಬಿರಡೆ ಎಣ್ಣೆಯಲ್ಲೇ. ಆಗಲೇ ನನಗೆ ಉಪಾಯ ಹೊಳೆಯಿತು. ಹೊಸ ಸ್ಕೂಟರಿಗೆ ಹುಬ್ಬಳ್ಳಿಯಲ್ಲಿ ಹೆಸರು ಬರೆಸಿದರೆ ನಾಲ್ಕೈದು ವರ್ಷಕ್ಕೆ ಪಾಳಿ ಬರುತ್ತದೆಂದು ಕಾರ್ಖಾನೆಯವರು ಮಾತಾಡಿಕೊಳ್ಳುವುದನ್ನು ನನ್ನ ಗಂಡನೇ ಹೇಳಿದ್ದ. ಹೊಸದೇ ಬೇಕೆಂದು ಹಟ ಹಿಡಿದರೆ ಗಾಡಿಯೂ ಬರುವುದಿಲ್ಲ, ಬೇಡವೆಂದ ಹಾಗೂ ಆಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬಾಗಿಲ ಮರೆಯಿಂದಲೇ ಅಂದೆ: "ಮಂದಿ ಕುಂತು ಸವಿಸಿ ಬಿಟ್ಟಿದ್ದನ್ನ ನಾವ್ಯಾಕ ತಗೋಬೇಕು? ನಮಗೇನು ಗತಿ ಇಲ್ಲೇನು?"

ಕಾಶೆವ್ವ ತಿರುಗಿ ನೋಡಿದಳು. ಮನ್ಸೂರ, "ವಿಚಾರ ಮಾಡ್ರಿ, ನಾ ನಾಲ್ಕ ದಿನಾ ಯಾರಿಗೂ ಕೊಡೂದಿಲ್ಲ" ಎಂದು ಹೇಳಿ ಗಾಡಿ ತೆಗೆದುಕೊಂಡು ಹೋದ.

ಆ ನಾಲ್ಕು ದಿನ ನಾನು ನನ್ನ ಗಂಡನ ಕಿವಿ ಊದಿದೆ. ಊಟಕ್ಕೆ ಬಡಿಸುವಾಗ, ಕಾಲಿಗೆ ನೀರು ಕೊಡುವಾಗ, ಹಾಸಿಗೆ ಹಾಸುವಾಗ, ಎಲ್ಲ ಹೊತ್ತಿನಲ್ಲೂ. ಅವನು ಕೆಟ್ಟವನಲ್ಲ, ಯಾರು ಕೊನೆಗೆ ಮಾತಾಡಿದರೋ ಅವರ ಮಾತು ಹಿಡಿಯುವ ಜಾತಿ. ಆದ್ದರಿಂದ ಕೊನೆಯ ಮಾತು ನನ್ನದೇ ಆಗುವಂತೆ ನೋಡಿಕೊಂಡೆ.

"ಮಂದಿ ಉಟ್ಟ ಧೋತರ ಉಡತೀರೇನು ನೀವು?"

"ಅದು ಧೋತರ ಅಲ್ಲಲೇ, ಗಾಡಿ."

"ಗೇಟಿನ್ಯಾಗ ಸಾಹೇಬರ ಹೊಸಾ ಗಾಡಿ ಬಾಜೂಕ ನಿಮ್ಮದೊಂದು ಎಮ್ಮಿ ಹಾದಿದ್ದು ನಿಂತಿರತೈತಿ. ನಾಕ ಮಂದಿ ಏನಂತಾರು?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ನಾಲ್ಕು ಮಂದಿಯ ಮಾತು ಬಂದರೆ ಅವನಿಗೆ ತುತ್ತು ಇಳಿಯುವುದಿಲ್ಲ. ಕಾಶೆವ್ವ ಆಚೆಯಿಂದ, "ಹೊಸಾ ಅಗಸ ಎತ್ತಿ ಎತ್ತಿ ಒಗೀತಾನ. ಹೊಸಾದರ ಗುಣಾ ಯಾರಿಗೆ ಗೊತ್ತು? ಹಳೇದು ಕಣ್ಣಿಗೆ ಕಂಡದ್ದು" ಎಂದು ಗೊಣಗುತ್ತಿದ್ದಳು. ಅವಳು ಹಗಲಿಡೀ ಗೊಣಗಿದರೂ ರಾತ್ರಿ ಚಾಪೆ ನನ್ನ ಪಕ್ಕದಲ್ಲಿತ್ತು. ರಜೆಯ ದಿನ ಉಳವಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿ ಹೊಸ ಸ್ಕೂಟರಿಗೆ ಹೆಸರು ಬರೆಸಿ ಬಂದ. ಗಾಡಿಯನ್ನೇ ತಂದವನಂತೆ ಎದೆ ಉಬ್ಬಿಸಿಕೊಂಡು ಕಟ್ಟೆ ಹತ್ತಿದ.

"ಬುಕ್ ಆತು. ಐದು ವರ್ಷಕ್ಕ ಬರತೈತಂತ."

ಐದು ವರ್ಷ! ಯಾವ ಹಬ್ಬದ ಹೋಳಿಗೆಯೂ ನನಗೆ ಅಷ್ಟು ಸಿಹಿಯಾಗಿರಲಿಲ್ಲ. ಅಲ್ಲಿಯೇ ನಾನು ಅವಸರ ಮಾಡಿ ಕೆಟ್ಟೆ. ಒಂದು ದಿನ ಸುಮ್ಮನಿದ್ದು ಹೇಳಬಹುದಿತ್ತು. ಅವನು ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟೆ.

"ಅಲ್ಲಿತನಕ ಏನು ಮಾಡೂದು? ಲಾರಿ ಹತ್ತಿ ಎಷ್ಟು ದಿನಾ ಹೋಗತೀರಿ? ಕ್ವಾರ್ಟರ್ಸ್ ತಗೊಂಡು ಅಲ್ಲೇ ಇರೂಣು. ಗಾಡಿ ಬಂದ ಮ್ಯಾಲೆ ತಿರುಗಿ ಬಂದ್ರಾತು."

"ಖರೇ ಮಾತು," ಎಂದ ಅವನು.

ಕಾಶೆವ್ವ ಮೂಲೆಯಲ್ಲಿ ಜೋಳ ಕೇರುತ್ತಿದ್ದಳು. ಮೊರ ನಿಂತಿತು. ಅವಳಿಗೆ ಎಲ್ಲ ತಿಳಿಯಿತು. ಮುದುಕಿಯ ಕಣ್ಣು ಮಂಜಾಗಿತ್ತು, ಬುದ್ಧಿ ಮಂಜಾಗಿರಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಕೈಗೆ ಹತ್ತಿದ ಹೊಟ್ಟು ಝಾಡಿಸಿ, ಬಹಳ ತಣ್ಣಗೆ ಕೇಳಿದಳು.

"ಸಿದ್ದಕ್ಕಾ, ಹೊಸಾ ಗಾಡಿ ಬಾಗಲಿಗೆ ಬಂದ್ರ ಆರತಿ ಯಾರು ಎತ್ತೂದು?"

ನನ್ನ ಉತ್ತರಕ್ಕೆ ಕಾಯದೆ ತಾನೇ ಎಣಿಸಿದಳು.

"ನಾ ಕುಂಕುಮ ಅಳಿಸಿಕೊಂಡಾಕಿ. ನೀ ಉಡಿಕ್ಯಾಕಿ. ಹೊಸಾದರ ಮುಂದ ನಿಲ್ಲೂ ಕೈ ಈ ಮನಿಯಾಗ ಯಾವುದೈತಿ? ಮಂದಿ ಕುಂತು ಬಿಟ್ಟಿದ್ದು ಬ್ಯಾಡ ಅಂತಿಯಲ್ಲ, ನಿನ್ನ ನಾವು ಹೊಸಾಕಿ ಅಂತ ತಂದೇವೇನು? ಹಳೇದ ತರಲಿ ತಗೋ. ಹಳೇದಕ್ಕ ನೀನ ಸಾಕು."

ನಾನು ಗಂಡನ ಮುಖ ನೋಡಿದೆ. ಒಂದು ಮಾತು. 'ಯವ್ವಾ, ಹಂಗನಬ್ಯಾಡ' ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ನಾನು ಆ ಮನೆಯಲ್ಲಿ ಇನ್ನೂ ಹತ್ತು ವರ್ಷ ಸೆಗಣಿ ಬಳಿಯುತ್ತಿದ್ದೆ. ಅವನು ಹುಬ್ಬಳ್ಳಿಯ ರಸೀದಿಯನ್ನು ಮಡಚಿ ಕಿಸೆಗೆ ಹಾಕಿದ, ಮತ್ತೆ ತೆಗೆದ, ಮತ್ತೆ ಹಾಕಿದ. ಅಷ್ಟೇ ಅವನು ಮಾಡಿದ್ದು. ಅತ್ತೆಯ ಮಾತಿಗಿಂತ ಅವನು ಸುಮ್ಮನಿದ್ದದ್ದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು.

"ನಿಮ್ಮ ಮಗಾನೂ ಒಬ್ಬಾಕಿನ್ನ ಮಣ್ಣು ಮಾಡಿ ಬಂದಾವ್ರು, ಅತ್ತ್ಯಾರ," ಎಂದೆ. "ಅವರೇನು ಅಂಗಡಿಯಾಗ ಈಗ ಬಿಚ್ಚಿದ ಮಾಲಲ್ಲ."

"ಗಂಡಸಿಗೆ ಯಾವ ಲೆಕ್ಕ?"

"ಸರಿ. ಲೆಕ್ಕ ನನಗ ಇರಲಿ." ನಾನು ಅವಳನ್ನು ಬಿಟ್ಟು ಗಂಡನ ಕಡೆ ತಿರುಗಿದೆ. "ಹಳೇದ ತರ್ರಿ. ನಾಳೆ ಮನ್ಸೂರನ ಕಡೆ ಹೋಗಿ ತರ್ರಿ. ಗಾಡಿ ನಿಮ್ಮವ್ವ ಆರಿಸಿದ್ದು. ಮನಿ ನಾ ಆರಿಸ್ತೇನಿ. ಆ ಗಾಡಿ ಮ್ಯಾಲೆ ನನ್ನ ಟ್ರಂಕು ಹೇರಿಕೊಂಡು ಬಂಗೂರನಗರಕ್ಕ ಹೋಗ್ತೇವಿ ಅಂದ್ರ ನಾ ನಿಮ್ಮ ಹೇಣ್ತಿ. ಇಲ್ಲಾಂದ್ರ ಪಂಚರನ್ನ ಕರಸ್ರಿ, ನೀವು ಉಡಿಸಿದ ಸೀರಿ ಅವರ ಮುಂದ ಇಟ್ಟು ಹೋಗ್ತೇನಿ. ಒಂದು ಮನಿ ಬಿಟ್ಟು ಬಂದಾಕಿಗೆ ಇನ್ನೊಂದು ಬಿಡೂ ದಾರಿ ಗೊತ್ತಿರತೈತಿ."

ಇದು ಬೆದರಿಕೆಯಾಗಿರಲಿಲ್ಲ. ಹೇಳುವಾಗ ನನಗೇ ಆಶ್ಚರ್ಯವಾಯಿತು. ನಾನು ನಿಜವಾಗಿಯೂ ಹೋಗುತ್ತಿದ್ದೆ. ಅವನಿಗೂ ಅದು ತಿಳಿದಿರಬೇಕು. ಒಬ್ಬಳನ್ನು ಮಣ್ಣು ಮಾಡಿ ಇನ್ನೊಬ್ಬಳನ್ನು ಪಂಚರ ಮುಂದೆ ಕಳೆದುಕೊಂಡವನಿಗೆ ಮೂರನೆಯವಳನ್ನು ಯಾರು ಕೊಡುತ್ತಾರೆ? ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಬೆಳಿಗ್ಗೆ ಅವನು ತಾಯಿಯ ಹತ್ತಿರ ಎತ್ತಿನ ರೊಕ್ಕ ಕೇಳಿದ. ಅವಳು ಕೊಟ್ಟಳು, ಗಾಡಿ ಬಂದರೆ ಮಗ ಉಳಿಯುತ್ತಾನೆ, ಸೊಸೆಯ ಸಿಟ್ಟು ಎರಡು ದಿನಕ್ಕೆ ಇಳಿಯುತ್ತದೆ ಎಂದುಕೊಂಡು.

ಪಾಚಿ ಬಣ್ಣದ ಗಾಡಿ ಮತ್ತೆ ಕಟ್ಟೆಯ ಮುಂದೆ ನಿಂತಿತು. ಮತ್ತೆ ಓಣಿ ಸೇರಿತು. ಉಳವಪ್ಪ ಒಂದು ವಾರ ಸಂಜೆ ಮನ್ಸೂರನ ಹತ್ತಿರ ಕಲಿತು ತಾನೇ ನಡೆಸಿಕೊಂಡು ಬಂದಿದ್ದ. ಮೊಣಕಾಲು ತರಚಿತ್ತು, ಮುಖದಲ್ಲಿ ಮಾತ್ರ ಮದುಮಗನ ಕಳೆ. ನಾನು ಒಳಗೆ ಹೋಗಿ ತಟ್ಟೆಯಲ್ಲಿ ಅರಿಸಿನ ಕಲಸಿದ ನೀರು, ಕುಂಕುಮ, ಎರಡು ದೀಪ ಇಟ್ಟುಕೊಂಡು ಹೊರಗೆ ಬಂದೆ.

"ಏ! ನೀ ಯಾಕ?" ಎಂದಳು ಕಾಶೆವ್ವ.

"ನೀವ ಅಂದ್ರೆಲ್ಲ ಅತ್ತ್ಯಾರ, ಹಳೇದಕ್ಕ ನಾನ ಸಾಕು ಅಂತ."

ಓಣಿಯ ಹೆಂಗಸರೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ. ಕಾಶೆವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆಡಿದ ಮಾತನ್ನು ಇಲ್ಲವೆನ್ನುವ ಹೆಂಗಸಲ್ಲ ಅವಳು, ಅಷ್ಟು ಮಟ್ಟಿಗೆ ಒಳ್ಳೆಯವಳು. ನಾನು ಗಾಡಿಯ ದೀಪಕ್ಕೆ ಕುಂಕುಮ ಹಚ್ಚಿದೆ, ಎಮ್ಮೆ ಹಾದ ತಗ್ಗಿಗೂ ಹಚ್ಚಿದೆ, ಆರತಿ ಎತ್ತಿದೆ. ಮೊದಲ ಗಂಡ ಸತ್ತ ಮೇಲೆ ನನ್ನ ಕೈಗೆ ಆರತಿ ಬಂದದ್ದು ಅದೇ ಮೊದಲು. ಅಳು ಬಂತು, ಆದರೆ ಅಷ್ಟು ಮಂದಿಯ ಮುಂದೆ ಅತ್ತೆಗೆ ಆ ಸುಖ ಕೊಡಲು ನನಗೆ ಮನಸ್ಸಾಗಲಿಲ್ಲ. ತಟ್ಟೆ ಕೆಳಗಿಟ್ಟು, ಕಟ್ಟಿಟ್ಟಿದ್ದ ಟ್ರಂಕನ್ನು ತಂದು ಗಾಡಿಯ ಮುಂದೆ ಕಾಲಿಡುವ ಜಾಗದಲ್ಲಿ ಇಟ್ಟೆ, ಹಿಂದೆ ಏರಿ ಕೂತೆ.

"ನಡೀರಿ."

ಅವನು ತಾಯಿಯ ಕಡೆ ನೋಡಿದ. ಕಾಶೆವ್ವ ಟ್ರಂಕು ನೋಡುತ್ತಿದ್ದಳು. ಅವನು ಗಾಡಿಗೆ ಒದ್ದ. ನಾಲ್ಕನೆಯ ಒದೆತಕ್ಕೆ ಅದು ಹೊಗೆ ಬಿಟ್ಟು ಎದ್ದಿತು.

ಕ್ವಾರ್ಟರ್ಸು ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಗಾಳಿ ತಿರುಗಿದರೆ ಕಾರ್ಖಾನೆಯಲ್ಲಿ ಬಿದಿರು ಬೇಯಿಸುವ ನಾತ ಅನ್ನಕ್ಕೂ ಹತ್ತುತ್ತಿತ್ತು. ನಳ ಹೊರಗಿತ್ತು. ಒಲೆಯ ಹಿಂದಿನ ಗೋಡೆಗೆ ಮೊದಲಿದ್ದವರ ಹೊಗೆ ಹಿಡಿದಿತ್ತು, ಅದನ್ನು ತಿಕ್ಕಿ ತಿಕ್ಕಿ ಸೋತು ಬಿಟ್ಟೆ. ಆದರೂ ಬಾಗಿಲು ಹಾಕಿಕೊಂಡು, ತಲೆ ತುಂಬ ಎಣ್ಣೆ ಸುರಿದುಕೊಂಡು, ಬೇಕಾದಷ್ಟು ರೊಟ್ಟಿ ಬಡಿದೆ. ಗಂಡನ ಮೇಲಿನ ಸಿಟ್ಟು ಹೋಗಿರಲಿಲ್ಲ. ಅವನು ಅಂದು ಸುಮ್ಮನಿದ್ದದ್ದನ್ನು ಹೊತ್ತಿಗೊಮ್ಮೆ ನೆನೆದು, ಪಾತ್ರೆಯನ್ನು ಕುಕ್ಕಿ ಇಡುತ್ತಿದ್ದೆ. ಅವನು ಉಂಡು ಎದ್ದು ಹೊರಗೆ ಹೋಗಿ ಗಾಡಿ ಒರೆಸುತ್ತಿದ್ದ. ರಜೆ ಬಂದರೆ ಅದನ್ನೇ ಹತ್ತಿ ಹಳಿಯಾಳಕ್ಕೆ ಹೋಗಿ ತಾಯಿಯನ್ನು ನೋಡಿ ಬರುತ್ತಿದ್ದ. ಹೋಗಲಿ ಎಂದು ನಾನು ತಡೆಯಲಿಲ್ಲ.

ಎರಡನೆಯ ಸಲ ಹೋದವನು ಸಂಜೆಗೆ ತಿರುಗಿ ಬಂದಾಗ ಗಾಡಿಯ ಸದ್ದು ಬೇರೆಯಾಗಿತ್ತು, ಭಾರ ಹೊತ್ತು ಏದುವ ಸದ್ದು. ಬಾಗಿಲಿಗೆ ಬಂದು ನೋಡಿದರೆ ಹಿಂದೆ ಕಾಶೆವ್ವ ಮಗನ ಸೊಂಟ ಹಿಡಿದು ಕೂತಿದ್ದಾಳೆ. ಇಬ್ಬರ ನಡುವೆ ಸುತ್ತಿ ಕಟ್ಟಿದ ಹಾಸಿಗೆ.

ಅವಳು ಇಳಿದು ಸೀರೆ ಝಾಡಿಸಿದಳು. "ಬಸ್ಸಿನ್ಯಾಗಾದ್ರ ಹೊಟ್ಟಿ ತೊಳಸಿ ಸಾಯ್ತಿದ್ದೆ. ಇದು ಛಲೋ, ತೊಟ್ಟಲಾ ತೂಗಿದಂಗ ಬಂತು," ಎಂದಳು. ಆಮೇಲೆ ನನ್ನ ಮುಖ ನೋಡಿ, "ಮಗಾ ಇದ್ದಲ್ಲೆ ನಾನು. ಇನ್ನ ಇಲ್ಲೇ ಇರ್ತೇನಿ" ಎಂದು ಹಾಸಿಗೆಯನ್ನು ಹೊಸ್ತಿಲ ಮುಂದೆ ಇಳಿಸಿದಳು.

ನನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಬಸ್ಸು ಹತ್ತಲಾರದ ಮುದುಕಿ ಹಳಿಯಾಳ ಬಿಟ್ಟು ಎಲ್ಲಿಗೂ ಬರುವವಳಲ್ಲ. ಹೊಸದೇ ಬೇಕೆಂಬ ಹಟಕ್ಕೆ ಅಂಟಿಕೊಂಡಿದ್ದರೆ ಐದು ವರ್ಷ ನಿಶ್ಚಿಂತೆಯಾಗಿರುತ್ತಿದ್ದೆ. ಸಿಟ್ಟಿನಲ್ಲಿ 'ಹಳೇದ ತರ್ರಿ' ಎಂದು ಕೂಗಿದವಳು ನಾನೇ, ಕುಂಕುಮ ಹಚ್ಚಿದವಳೂ ನಾನೇ. ಗಂಡನ ಕಡೆ ನೋಡಿದೆ. ಅವನು ಬಗ್ಗಿ ಹಿಂದಿನ ಗಾಲಿಯ ಗಾಳಿ ನೋಡುತ್ತಿದ್ದ. ಈ ಸಲವೂ ಅವನ ಬಾಯಿಂದ ಏನೂ ಬರುವುದಿಲ್ಲವೆಂದು ತಿಳಿಯಿತು.

ನಾನು ಒಳಗೆ ಹೋದೆ. ಎರಡು ಸೀರೆಯನ್ನು ಗಂಟು ಕಟ್ಟಿದೆ. ಹೊರಗೆ ಬಂದು, ಹಾಸಿಗೆಯನ್ನು ದಾಟಿ, ಗಾಡಿಯ ಹಿಂದೆ ಏರಿ ಕೂತೆ.

"ನನ್ನ ಹಳಿಯಾಳಕ್ಕ ಬಿಟ್ಟು ಬರ್ರಿ."

"ಯಾಕ?" ಎಂದ ಅವನು, ಗಾಲಿ ಬಿಟ್ಟು ಎದ್ದು.

"ಅಲ್ಲೆ ಮನಿ ಖಾಲಿ ಐತೆಲ್ಲ. ನನಗ ಅತ್ತಿ ಇರಲಾರದ ಮನಿ ಬೇಕು. ಅದು ಯಾವ ಊರಾಗಿದ್ರೂ ಆತು." ಕಾಶೆವ್ವನ ಮುಂದೆ ಕೈ ಚಾಚಿದೆ. "ಕೀಲಿ ಕೊಡ್ರಿ ಅತ್ತ್ಯಾರ."

ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅವಳ ಕಣ್ಣ ಮುಂದೆ ಏನೇನು ಹಾದುಹೋಯಿತೆಂದು ನನಗೆ ಚೆನ್ನಾಗಿ ಗೊತ್ತು. ಜೋಳದ ಹಗೇವು, ಬೆಲ್ಲದ ಗಡಿಗೆ, ಎಣ್ಣೆಯ ಬಾಟಲಿ, ಅಟ್ಟದ ಮೇಲಿನ ಹಿತ್ತಾಳೆಯ ಹಂಡೆ. ಅವೆಲ್ಲವುಗಳ ನಡುವೆ ನಾನು.

"ನನ್ನ ಒಲಿ ಮುಂದ ನೀ ಕೂಡ್ತಿ?"

"ಕೂಡ್ತೇನಿ. ನಿಮಗ ಇಲ್ಲೆ ಒಲಿ ಐತಿ. ಮಗಾನೂ ಅದಾರ."

ಅವಳು ಮಗನನ್ನು ನೋಡಿದಳು, ಕ್ವಾರ್ಟರ್ಸನ್ನು ನೋಡಿದಳು, ಹೊರಗಿನ ನಳವನ್ನು ನೋಡಿದಳು. ಇಷ್ಟು ದಿನ ಮಗನಿಗಾಗಿ ಮನೆ ಬೇಕೆಂದಿದ್ದಳು. ಮಗ ಬೇಕೋ ಮನೆ ಬೇಕೋ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಸೊಂಟದ ಕೈ ಅಲ್ಲಿಯೇ ಇತ್ತು, ಕೀಲಿಯನ್ನು ಬಿಗಿಯಾಗಿ ಹಿಡಿದಿತ್ತು.

"ಉಳವಪ್ಪಾ," ಎಂದಳು ಕೊನೆಗೆ. "ಗಾಡಿ ತಿರಗಸು."

ನನ್ನ ಕಡೆ ತಿರುಗಿ, "ಇಳಿ ಕೆಳಗ" ಎಂದಳು.

ಇಳಿದೆ. ಅವಳು ಏರಿ ಕೂತಳು. ಹಾಸಿಗೆಯನ್ನು ನಾನೇ ಎತ್ತಿ ಇಬ್ಬರ ನಡುವೆ ಇಟ್ಟು, ಜಾರದ ಹಾಗೆ ಒತ್ತಿ ಸಿಕ್ಕಿಸಿದೆ. ಅಷ್ಟು ದೂರ ಬಂದ ಮುದುಕಿಗೆ ಚಹಾ ಕುಡಿದು ಹೋಗ್ರಿ ಎಂದು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.